ಎಲುಬು, ಕೀಲು, ಸ್ನಾಯು: ಮೈಯ ಹಂದರವನ್ನು ಅರಿತು ನಡೆಯೋಣ

ಆಳಂದ, ಅಫಜಲಪುರ, ಜೇವರ್ಗಿ ಈ ಮೂರು ತಾಲೂಕುಗಳಲ್ಲಿ ಹಕೀಮರ ಮುಂದೆ ಬಂದು ಕೂರುವವರ ಬಾಯಲ್ಲಿ ಹೆಚ್ಚಾಗಿ ಕೇಳಿಬರುವುದು ಮೂರು ಮಾತು: ಟೊಂಕ ನೋವು, ಮೊಣಕಾಲು ನೋವು, ಮೈಕೈ ನೋವು. ತೊಗರಿ ರಾಶಿಯ ದಿನಗಳಲ್ಲಿ, ಕಬ್ಬು ಕಟಾವಿನ ದಿನಗಳಲ್ಲಿ ಇದು ಇನ್ನೂ ಹೆಚ್ಚು. ಕುರ್ಪಿ ಹಿಡಿದು ಕುಕ್ಕರಗಾಲಲ್ಲಿ ಕಳೆ ತೆಗೆಯುವ ಹೆಣ್ಣುಮಕ್ಕಳು, ಬೆನ್ನು ಬಗ್ಗಿಸಿ ಕಬ್ಬು ಕಡಿಯುವ ಗಂಡಸರು, ಮಾರುಕಟ್ಟೆಯಲ್ಲಿ ಚೀಲ ಹೊರುವ ಹಮಾಲರು, ದಿನವಿಡೀ ಹೊಲಿಗೆ ಯಂತ್ರದ ಮುಂದೆ ಕೂರುವ ದರ್ಜಿಗಳು, ಎಲ್ಲರದೂ ಒಂದೇ ದೂರು. "ವಯಸ್ಸಾಯ್ತು", "ವಾಯು ತುಂಬಿದೆ", "ನಸೀಬು" ಎಂದು ಹಲವರು ಸುಮ್ಮನಾಗುತ್ತಾರೆ. ಇನ್ನು ಕೆಲವರು ಅಂಗಡಿಯಿಂದ ಒಂದು ಗುಳಿಗೆ ತಂದು ನುಂಗಿ ಮರುದಿನ ಅದೇ ಕೆಲಸಕ್ಕೆ ಹೋಗುತ್ತಾರೆ.

ನೋವು ಎಲ್ಲಿಂದ ಬರುತ್ತದೆ ಎಂದು ತಿಳಿಯಬೇಕಾದರೆ ಮೈಯೊಳಗಿನ ಹಂದರ ಹೇಗಿದೆ, ಅದು ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಮೊದಲು ತಿಳಿಯಬೇಕು. ಈ ಪಾಠದಿಂದ ಒಂದು ಮಾತು ನೆನಪಿನಲ್ಲಿ ಉಳಿದರೂ ಸಾಕು: ಎಲುಬು ಒಣ ಕಟ್ಟಿಗೆಯಲ್ಲ. ಅದು ರಕ್ತ ಹರಿಯುವ, ದಿನವೂ ಒಡೆದು ದಿನವೂ ಕಟ್ಟಿಕೊಳ್ಳುವ ಜೀವಂತ ಅಂಗ. ನಾವು ತಿನ್ನುವ ಅನ್ನ, ಕುಡಿಯುವ ನೀರು, ಮೈಗೆ ಬೀಳುವ ಬಿಸಿಲು, ಮಾಡುವ ಕೆಲಸ ಎಲ್ಲವೂ ಅದರಲ್ಲಿ ಸೇರುತ್ತವೆ.

ಅಡುಗೆಮನೆಯಲ್ಲಿ ಕಾಣುವ ಪಾಠ

ಬಕ್ರೀದಿನಲ್ಲಿ ಕುರಿ ಅಥವಾ ಆಡಿನ ಕಾಲನ್ನು ಕೀಲಿನ ಹತ್ತಿರ ಬಿಡಿಸುವುದನ್ನು ನೀವು ನೋಡಿರುತ್ತೀರಿ. ಮುಂದಿನ ಸಲ ಮಕ್ಕಳನ್ನು ಹತ್ತಿರ ಕೂರಿಸಿಕೊಂಡು ತೋರಿಸಿ. ಶಾಲೆಯ ಚಿತ್ರಪಟಕ್ಕಿಂತ ಒಳ್ಳೆಯ ಪಾಠ ಅದು.

ಎಲುಬಿನ ತುದಿಯಲ್ಲಿ ಬಿಳಿಯಾಗಿ, ನುಣುಪಾಗಿ ಹೊಳೆಯುವ ಪದರವಿದೆ. ಅದೇ ಮೃದ್ವಸ್ಥಿ. ಯುನಾನಿಯಲ್ಲಿ ಅದನ್ನು ಗುಜ್ರೂಫ್ ಎನ್ನುತ್ತೇವೆ. ಎರಡು ಎಲುಬುಗಳು ಒಂದನ್ನೊಂದು ಉಜ್ಜದಂತೆ ತಡೆಯುವ ಮೆತ್ತೆ ಅದು. ಕೀಲನ್ನು ಬಿಡಿಸುವಾಗ ಬೆರಳಿಗೆ ಅಂಟುವ ಜಾರು ದ್ರವ ಕೀಲಿಗೆ ಎಣ್ಣೆಯಿದ್ದಂತೆ. ಒಂದು ಎಲುಬನ್ನು ಇನ್ನೊಂದು ಎಲುಬಿಗೆ ಬಿಗಿದು ಹಿಡಿಯುವ ಗಟ್ಟಿ ಪಟ್ಟಿ ಅಸ್ಥಿರಜ್ಜು, ಅಂದರೆ ರಿಬಾತ್. ಮಾಂಸದ ಗಂಟು ತುದಿಯಲ್ಲಿ ಬಿಳಿ ಹಗ್ಗವಾಗಿ ಎಲುಬಿಗೆ ಅಂಟಿಕೊಂಡಿರುತ್ತದೆ. ಅದು ಸ್ನಾಯುರಜ್ಜು, ಅಂದರೆ ವತರ್. ನಾವು ಮಾಂಸ ಎಂದು ತಿನ್ನುವುದೇ ಸ್ನಾಯು, ಅಂದರೆ ಅಜಲ. ನಲ್ಲಿಯೊಳಗೆ ಮಕ್ಕಳು ಹೀರಿ ತಿನ್ನುವ ಮೆತ್ತನೆಯ ವಸ್ತು ಮಜ್ಜೆ. ನಮ್ಮ ದೇಹದಲ್ಲೂ ಇವೇ ಭಾಗಗಳು, ಇದೇ ಜೋಡಣೆ.

ಬೆಳೆದ ಮನುಷ್ಯನಲ್ಲಿ 206 ಎಲುಬುಗಳಿವೆ. ಹುಟ್ಟಿದ ಕೂಸಿನಲ್ಲಿ ಇದಕ್ಕಿಂತ ಹೆಚ್ಚು, ಸುಮಾರು 270. ಬೆಳೆಯುತ್ತ ಕೆಲವು ಎಲುಬುಗಳು ಒಂದಕ್ಕೊಂದು ಬೆಸೆದುಕೊಳ್ಳುತ್ತವೆ. ಒಂದೊಂದು ಕೈಯಲ್ಲಿ ಮಣಿಕಟ್ಟಿನಿಂದ ಬೆರಳ ತುದಿಯವರೆಗೆ 27, ಒಂದೊಂದು ಪಾದದಲ್ಲಿ 26. ಅಂದರೆ ಒಟ್ಟು ಎಲುಬುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಕೈ ಮತ್ತು ಪಾದಗಳಲ್ಲೇ ಇವೆ. ಅತಿ ಉದ್ದದ್ದು ತೊಡೆಯ ಎಲುಬು. ಅತಿ ಚಿಕ್ಕದು ಕಿವಿಯೊಳಗಿದೆ, ಅದರ ಉದ್ದ ಸುಮಾರು 3 ಮಿಲಿಮೀಟರ್.

ಕಣ್ಣಾರೆ ನೋಡಿ ತಿದ್ದಿದ ಹಕೀಮರು

ಎಲುಬುಗಳ ವಿದ್ಯೆ ನಮ್ಮ ವೈದ್ಯಪದ್ಧತಿಗೆ ಹಳೆಯದು. 1037ರಲ್ಲಿ ತೀರಿಕೊಂಡ ಇಬ್ನ್ ಸೀನಾ ತಮ್ಮ 'ಅಲ್ ಕಾನೂನ್' ಗ್ರಂಥದ ಮೊದಲ ಭಾಗದಲ್ಲೇ ಎಲುಬು, ಸ್ನಾಯು, ನರ, ರಕ್ತನಾಳಗಳನ್ನು ಒಂದೊಂದಾಗಿ ವಿವರಿಸಿದ್ದಾರೆ. ಇದಕ್ಕಿಂತ ದೊಡ್ಡ ಪಾಠ ಕಲಿಸಿದವರು ಬಗ್ದಾದಿನ ವೈದ್ಯ ಅಬ್ದುಲ್ ಲತೀಫ್. ಕ್ರಿ.ಶ. 1200ರ ಸುಮಾರಿಗೆ ಈಜಿಪ್ಟಿನಲ್ಲಿ ಭೀಕರ ಬರ ಬಿದ್ದು ಸಾವಿರಾರು ಜನ ಸತ್ತಾಗ ಅವರು ಅಲ್ಲಿದ್ದರು. ಮನುಷ್ಯನ ಕೆಳದವಡೆ ಎರಡು ಎಲುಬುಗಳಿಂದ ಆಗಿದೆ ಎಂದು ಗ್ರೀಕ್ ವೈದ್ಯ ಜಾಲೀನೂಸ್ ಬರೆದಿದ್ದನ್ನು ಸಾವಿರ ವರ್ಷ ಎಲ್ಲರೂ ನಂಬಿದ್ದರು. ಅಬ್ದುಲ್ ಲತೀಫರು 2000ಕ್ಕೂ ಹೆಚ್ಚು ತಲೆಬುರುಡೆಗಳನ್ನು ಪರೀಕ್ಷಿಸಿ, ಕೆಳದವಡೆ ಒಂದೇ ಎಲುಬು, ಅದರಲ್ಲಿ ಬೆಸುಗೆಯೇ ಇಲ್ಲ ಎಂದು ಬರೆದರು. ಜಾಲೀನೂಸನ ಮೇಲಿನ ಗೌರವ ಅವರಿಗೆ ಕಡಿಮೆಯಾಗಲಿಲ್ಲ. ಆದರೆ ಕಣ್ಣು ಕಂಡದ್ದಕ್ಕೆ ಮಾನ್ಯತೆ ಕೊಟ್ಟರು.

ಇಂದು ನಮಗೆ ಆ ಕಣ್ಣು ಎಕ್ಸ್‌ರೇ. ಮುರಿದಿದೆಯೋ ಇಲ್ಲವೋ ಎಂಬುದನ್ನು ಕೈಯಿಂದ ಒತ್ತಿ ಊಹಿಸುವುದಕ್ಕಿಂತ ನೋಡಿ ತಿಳಿಯುವುದೇ ನಮ್ಮ ಹಿರಿಯ ಹಕೀಮರ ದಾರಿ. ಈ ಮಾತಿಗೆ ಮುಂದೆ ಮತ್ತೆ ಬರುತ್ತೇನೆ.

ಎಲುಬಿನೊಳಗೆ ನಡೆಯುವ ಕೆಲಸ

ಎಲುಬಿಗೆ ನಾಲ್ಕು ಕೆಲಸ. ಮೈಗೆ ಆಕಾರ ಕೊಡುವುದು ಒಂದು. ಮೆದುಳು, ಹೃದಯ, ಶ್ವಾಸಕೋಶಗಳನ್ನು ಕಾಯುವುದು ಎರಡು. ಸ್ನಾಯುಗಳಿಗೆ ಹಿಡಿಕೆಯಾಗಿ ನಿಂತು ಚಲನೆಗೆ ದಾರಿ ಮಾಡುವುದು ಮೂರು. ನಾಲ್ಕನೆಯದು ಹೊರಗೆ ಕಾಣದ ಕೆಲಸ: ರಕ್ತ ತಯಾರಿಸುವುದು ಮತ್ತು ಕ್ಯಾಲ್ಸಿಯಂ ಕೂಡಿಡುವುದು. ಕೆಂಪು ರಕ್ತಕಣವೊಂದರ ಆಯುಷ್ಯ ಸುಮಾರು 120 ದಿನ. ಹೊಸ ಕಣಗಳು ಮಜ್ಜೆಯಲ್ಲಿ ಹುಟ್ಟುತ್ತಲೇ ಇರಬೇಕು.

ದೇಹದ ಕ್ಯಾಲ್ಸಿಯಂನಲ್ಲಿ ಶೇಕಡಾ 99ರಷ್ಟು ಎಲುಬು ಮತ್ತು ಹಲ್ಲುಗಳಲ್ಲಿದೆ. ಉಳಿದ ಒಂದು ಪಾಲು ರಕ್ತ ಮತ್ತು ಇತರ ಅಂಗಗಳಲ್ಲಿದ್ದು ಹೃದಯದ ಬಡಿತ, ನರಗಳ ಸಂದೇಶ, ಸ್ನಾಯುಗಳ ಚಲನೆಗೆ ಬೇಕು. ಊಟದಲ್ಲಿ ಕ್ಯಾಲ್ಸಿಯಂ ಕಡಿಮೆಯಾದರೆ ದೇಹ ಹೃದಯವನ್ನು ನಿಲ್ಲಲು ಬಿಡುವುದಿಲ್ಲ, ಎಲುಬಿನಿಂದ ತೆಗೆದುಕೊಳ್ಳುತ್ತದೆ. ಮನೆಯ ಖರ್ಚಿಗೆ ಬೀಜದ ಜೋಳವನ್ನೇ ತೆಗೆದು ಬೀಸಿದಂತೆ. ಇಂದು ತಿಳಿಯುವುದಿಲ್ಲ, ಬಿತ್ತನೆಯ ಹೊತ್ತಿಗೆ ತಿಳಿಯುತ್ತದೆ.

ಎಲುಬಿನಲ್ಲಿ ಹಳೆಯದನ್ನು ಕರಗಿಸುವ ಕೋಶಗಳೂ ಹೊಸದನ್ನು ಕಟ್ಟುವ ಕೋಶಗಳೂ ಸದಾ ಕೆಲಸದಲ್ಲಿರುತ್ತವೆ. ವರ್ಷಕ್ಕೆ ಹತ್ತರಲ್ಲಿ ಒಂದು ಪಾಲಿನಷ್ಟು ಎಲುಬು ಹೊಸದಾಗುತ್ತದೆ. ಸುಮಾರು 30 ವರ್ಷದವರೆಗೆ ಕಟ್ಟುವುದು ಹೆಚ್ಚು, ಕರಗಿಸುವುದು ಕಡಿಮೆ. ಆಮೇಲೆ ನಿಧಾನವಾಗಿ ಲೆಕ್ಕ ತಿರುಗುತ್ತದೆ. ಹೆಣ್ಣುಮಕ್ಕಳಲ್ಲಿ ಮುಟ್ಟು ನಿಂತ ಮೇಲಿನ ಕೆಲವು ವರ್ಷಗಳಲ್ಲಿ ಕರಗುವಿಕೆ ಬಹಳ ವೇಗವಾಗುತ್ತದೆ. ಆದ್ದರಿಂದ ಹುಡುಗಿಯರ ಹತ್ತರಿಂದ ಇಪ್ಪತ್ತರ ವಯಸ್ಸು ಎಲುಬಿನ ಉಳಿತಾಯ ಖಾತೆ ತುಂಬುವ ಕಾಲ. ಆ ವಯಸ್ಸಿನಲ್ಲಿ ಮಗಳ ತಟ್ಟೆಗೆ ಹಾಲು, ಮೊಟ್ಟೆ, ಬೇಳೆ ಕಡಿಮೆ ಮಾಡಿದರೆ ಅದರ ಸಾಲವನ್ನು ಅವಳು ಐವತ್ತರಲ್ಲಿ ತೀರಿಸಬೇಕಾಗುತ್ತದೆ.

ಎಲುಬಿಗೆ ಕೆಲಸವೂ ಬೇಕು. ಭಾರ ಬಿದ್ದಲ್ಲಿ ಅದು ಗಟ್ಟಿಯಾಗುತ್ತದೆ, ಹಾಸಿಗೆ ಹಿಡಿದವರಲ್ಲಿ ತೆಳುವಾಗುತ್ತದೆ. ಆಟವಾಡುವ, ಓಡುವ, ಹಗ್ಗ ಜಿಗಿಯುವ ಹುಡುಗಿಯನ್ನು ಮನೆಯಂಗಳದಲ್ಲಾದರೂ ಆಡಲು ಬಿಡಿ.

ಸ್ನಾಯು ಎಳೆಯುತ್ತದೆ, ತಳ್ಳುವುದಿಲ್ಲ

ದೇಹದಲ್ಲಿ ಎಲುಬಿಗೆ ಅಂಟಿದ ಸ್ನಾಯುಗಳು 600ಕ್ಕೂ ಹೆಚ್ಚು. ಪ್ರತಿಯೊಂದೂ ಕುಗ್ಗಿ ಎಳೆಯಬಲ್ಲದು, ತಳ್ಳಲಾರದು. ಅದಕ್ಕೇ ಅವು ಜೋಡಿಯಾಗಿವೆ. ರೊಟ್ಟಿಯ ತುತ್ತನ್ನು ಬಾಯಿಗೆ ತರುವಾಗ ತೋಳಿನ ಮುಂಭಾಗದ ಸ್ನಾಯು ಕುಗ್ಗುತ್ತದೆ, ಕೈ ಚಾಚುವಾಗ ಹಿಂಭಾಗದ್ದು ಕುಗ್ಗುತ್ತದೆ. ಜೋಡಿಯಲ್ಲಿ ಒಂದು ಬಲವಾಗಿ ಇನ್ನೊಂದು ಸೊರಗಿದರೆ ಕೀಲಿನ ಮೇಲೆ ಭಾರ ಓರೆಯಾಗಿ ಬೀಳುತ್ತದೆ. ಹಲವರ ಮೊಣಕಾಲು ನೋವಿನಲ್ಲಿ ತೊಡೆಯ ಮುಂಭಾಗದ ಸ್ನಾಯು ಸೊರಗಿದ್ದೂ ಸೇರಿರುತ್ತದೆ.

ನಲವತ್ತರ ಮೇಲೆ ಕೆಲಸವಿಲ್ಲದ ಸ್ನಾಯು ವರ್ಷದಿಂದ ವರ್ಷಕ್ಕೆ ಕರಗುತ್ತದೆ. ಊಟವಾದ ಮೇಲೆ ರಕ್ತಕ್ಕೆ ಸೇರುವ ಸಕ್ಕರೆಯಲ್ಲಿ ದೊಡ್ಡ ಪಾಲನ್ನು ಹೀರಿಕೊಳ್ಳುವುದು ಸ್ನಾಯುಗಳೇ. ಅವು ಸೊರಗಿದರೆ ಸಕ್ಕರೆ ಕಾಯಿಲೆಯ ಹತೋಟಿಯೂ ಕಷ್ಟ. ಸ್ನಾಯುವಿಗೆ ಬೇಕಾದದ್ದು ಎರಡು: ಕೆಲಸ ಮತ್ತು ಪ್ರೋಟೀನ್. 2019ರಲ್ಲಿ ಭೌಗೋಳಿಕ ಗುರುತು ಪಡೆದ ಕಲಬುರಗಿ ತೊಗರಿಬೇಳೆ ನಮ್ಮ ಹೊಲದ್ದೇ. 100 ಗ್ರಾಂ ತೊಗರಿಬೇಳೆಯಲ್ಲಿ ಸುಮಾರು 22 ಗ್ರಾಂ ಪ್ರೋಟೀನ್ ಇದೆ. ಆದರೆ ಬೆಳೆದವರ ಮನೆಯಲ್ಲೇ ಬೇಳೆ ತಿಳಿ ಸಾರಾಗಿ, ಗಟ್ಟಿ ಭಾಗ ಗಂಡಸರ ತಟ್ಟೆಗೆ ಹೋಗುವುದುಂಟು. ದಾದಿ, ನಾನಿಯರಿಗೆ ಹಲ್ಲಿಲ್ಲವೆಂದು ಬರೀ ಗಂಜಿ ಕೊಡುವ ಬದಲು ಬೇಳೆಯನ್ನು ಮೆತ್ತಗೆ ಬೇಯಿಸಿ ಗಟ್ಟಿಯಾಗಿಯೇ ಬಡಿಸಿ.

ಬೇಸಿಗೆಯಲ್ಲಿ ನಮ್ಮ ಭಾಗದ ಬಿಸಿಲು 40 ಡಿಗ್ರಿ ದಾಟುತ್ತದೆ. ಬೆವರಿನ ಜೊತೆ ನೀರೂ ಉಪ್ಪೂ ಹೋಗಿ ಮೀನಖಂಡ ಗಂಟು ಕಟ್ಟುತ್ತದೆ. ನೆರಳಿಗೆ ಬನ್ನಿ, ಕಾಲು ಚಾಚಿ ಪಾದದ ಬೆರಳುಗಳನ್ನು ನಿಮ್ಮ ಕಡೆಗೆ ನಿಧಾನವಾಗಿ ಎಳೆಯಿರಿ, ಉಪ್ಪು ಹಾಕಿದ ಮಜ್ಜಿಗೆ ಕುಡಿಯಿರಿ. ಬಿ.ಪಿ. ಇರುವವರು ಉಪ್ಪಿನ ಪ್ರಮಾಣವನ್ನು ತಮ್ಮ ವೈದ್ಯರಲ್ಲಿ ಕೇಳಿಕೊಳ್ಳಬೇಕು.

ಬೆನ್ನು ಮತ್ತು ಕಬ್ಬಿನ ಗದ್ದೆ

ಬೆನ್ನುಹುರಿಯನ್ನು ಕಾಯುವ ಕಂಬದಲ್ಲಿ ಕುತ್ತಿಗೆಗೆ 7, ಎದೆಯ ಹಿಂಭಾಗಕ್ಕೆ 12, ಟೊಂಕಕ್ಕೆ 5 ಮಣಿಗಳು. ಕೆಳಗಿನವು ಬೆಸೆದುಕೊಂಡು ಎರಡು ಎಲುಬುಗಳಾಗಿವೆ. ಮಣಿ ಮಣಿಯ ನಡುವೆ ಡಿಸ್ಕ್ ಎಂಬ ಮೆತ್ತೆ. ಬೆಳೆದವರಲ್ಲಿ ಈ ಮೆತ್ತೆಯ ಒಳಭಾಗಕ್ಕೆ ರಕ್ತನಾಳಗಳಿಲ್ಲ. ಒತ್ತಿದಾಗ ನೀರು ಹೊರಗೆ, ಬಿಟ್ಟಾಗ ಒಳಗೆ, ಹೀಗೆ ಸ್ಪಂಜಿನಂತೆ ಅದು ತನ್ನ ಆಹಾರ ಪಡೆಯುತ್ತದೆ. ಕೀಲಿನ ಮೃದ್ವಸ್ಥಿಯೂ ಹಾಗೆಯೇ. ಆದ್ದರಿಂದ ಅಲುಗಾಡದೆ ಗಂಟೆಗಟ್ಟಲೆ ಕೂತರೂ ಮೆತ್ತೆಗೆ ಉಪವಾಸ, ಗಂಟೆಗಟ್ಟಲೆ ಬಗ್ಗಿದರೂ ಉಪವಾಸ.

ಬೆನ್ನು ಬಗ್ಗಿಸಿ ಭಾರ ಎತ್ತಿದಾಗ ಟೊಂಕದ ಡಿಸ್ಕಿನ ಮೇಲೆ ಒತ್ತಡ ನಿಂತಾಗಿನದಕ್ಕಿಂತ ಹಲವು ಪಟ್ಟು ಏರುತ್ತದೆ. ಮೆತ್ತೆ ಹಿಂದಕ್ಕೆ ಉಬ್ಬಿ ನರವನ್ನು ಒತ್ತಿದರೆ ನೋವು ಪೃಷ್ಠದಿಂದ ಕಾಲಿನವರೆಗೆ ತಂತಿ ಎಳೆದಂತೆ ಇಳಿಯುತ್ತದೆ. ಇದನ್ನೇ ಯುನಾನಿಯಲ್ಲಿ ಇರ್ಕುನ್ನಸಾ ಎನ್ನುತ್ತೇವೆ.

ಕಬ್ಬು ಕಡಿಯುವವರಿಗೆ ಬೆನ್ನು ಬಗ್ಗಿಸಬೇಡಿ ಎಂದರೆ ಅದು ಸಲಹೆಯಾಗುವುದಿಲ್ಲ. ಆದರೆ ಇಷ್ಟು ಮಾಡಬಹುದು. ಅರ್ಧ ಗಂಟೆಗೊಮ್ಮೆ ನೆಟ್ಟಗೆ ನಿಂತು, ಎರಡೂ ಕೈ ಟೊಂಕಕ್ಕಿಟ್ಟು, ಐದಾರು ಸಲ ಹಿಂದಕ್ಕೆ ಬಾಗಿ. ಕಬ್ಬಿನ ಕಟ್ಟನ್ನು, ತೊಗರಿ ಚೀಲವನ್ನು ಎತ್ತುವಾಗ ಮಂಡಿ ಮಡಚಿ ಕೂತು, ಭಾರವನ್ನು ಹೊಟ್ಟೆಗೆ ಹತ್ತಿರ ಹಿಡಿದು, ಕಾಲಿನ ಬಲದಿಂದ ಏಳಿ. ಭಾರ ಹಿಡಿದಾಗ ಸೊಂಟ ತಿರುಚಬೇಡಿ, ಪಾದ ತಿರುಗಿಸಿ. ತುಂಬಿದ ಒಂದು ಚೀಲವನ್ನು ಇಬ್ಬರು ಎತ್ತುವುದರಲ್ಲಿ ನಾಚಿಕೆಯಿಲ್ಲ. ಟೊಂಕ ಹಿಡಿದರೆ ಒಂದೆರಡು ದಿನದ ವಿಶ್ರಾಂತಿ ಸಾಕು. ಆಮೇಲೆ ಸ್ವಲ್ಪ ಸ್ವಲ್ಪವಾಗಿ ನಡೆಯಬೇಕು. ವಾರಗಟ್ಟಲೆ ಮಲಗಿದರೆ ಬೆನ್ನಿನ ಸ್ನಾಯು ಇನ್ನೂ ಸೊರಗುತ್ತದೆ.

ಮೊಣಕಾಲು ಮತ್ತು ನಮಾಜ್

ಕಿಯಾಮ್, ರುಕೂ, ಸಜ್ದಾ, ಖಾಯ್ದಾ, ಹೀಗೆ ನಮಾಜಿನಲ್ಲಿ ಕುತ್ತಿಗೆಯಿಂದ ಕಾಲ್ಬೆರಳವರೆಗೆ ಕೀಲುಗಳು ಮಡಚಿ ಬಿಚ್ಚುತ್ತವೆ. ಅವಸರವಿಲ್ಲದೆ, ಪ್ರತಿ ಭಂಗಿಯಲ್ಲೂ ಮೈ ನೆಲೆಗೊಳ್ಳುವಂತೆ ಮಾಡಿದರೆ ಕೀಲಿಗೂ ಹಿತ. ಧಡಕ್ಕನೆ ಮಂಡಿಯೂರುವುದು ನೋವಿರುವ ಮೊಣಕಾಲಿಗೆ ಪೆಟ್ಟು.

ನೋವು ಶುರುವಾದ ಕೂಡಲೇ ಕುರ್ಚಿ ತರಿಸುವವರಿದ್ದಾರೆ. ಕುರ್ಚಿಯ ಮೇಲೆ ನಮಾಜಿನ ಮಸಲೆಯನ್ನು ಆಲಿಮರಲ್ಲಿ ಕೇಳಿ. ವೈದ್ಯನಾಗಿ ಹೇಳಬೇಕಾದದ್ದು ಇಷ್ಟು: ಮೊದಲ ಹಂತದ ಸವೆತಕ್ಕೆ ಮೊಣಕಾಲನ್ನು ಬಳಸದಿರುವುದು ಮದ್ದಲ್ಲ. ದಪ್ಪ ಜಾನಮಾಜ್ ಹಾಸಿ, ಏಳುವಾಗ ಕೈಯೂರಿ, ತೊಡೆಯ ಸ್ನಾಯು ಬಲಪಡಿಸಿಕೊಳ್ಳಿ. ಮಡಚಿದಾಗ ತೀವ್ರ ನೋವು, ಊತ, ಕೀಲು ಸಿಕ್ಕಿಹಾಕಿಕೊಂಡಂತೆ ಆಗುವುದು ಇದ್ದವರು ಹಟ ಮಾಡದೆ ವೈದ್ಯರಿಗೆ ತೋರಿಸಬೇಕು.

ತೊಡೆಯ ವ್ಯಾಯಾಮ ಸುಲಭ. ಮಂಚದ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತುಕೊಳ್ಳಿ. ಒಂದು ಕಾಲನ್ನು ನೇರವಾಗಿ ಚಾಚಿ, ತೊಡೆ ಬಿಗಿಮಾಡಿ, ಹತ್ತು ಎಣಿಸುವವರೆಗೆ ಹಿಡಿದು ಇಳಿಸಿ. ಒಂದೊಂದು ಕಾಲಿಗೆ ಹತ್ತು ಸಲ, ಬೆಳಿಗ್ಗೆ ಸಂಜೆ. ಎರಡು ತಿಂಗಳು ಬಿಡದೆ ಮಾಡಿದ ಮೇಲೆ ಫಲ ನೋಡಿ. ತೂಕ ಹೆಚ್ಚಿದ್ದವರು ಒಂದು ಕಿಲೋ ಇಳಿಸಿದರೆ ಪ್ರತಿ ಹೆಜ್ಜೆಯಲ್ಲೂ ಮೊಣಕಾಲಿನ ಮೇಲಿನ ಭಾರ ಸುಮಾರು ನಾಲ್ಕು ಕಿಲೋ ಇಳಿಯುತ್ತದೆ.

ಬಿಸಿಲ ನಾಡಿನಲ್ಲಿ ಬಿಸಿಲಿನ ಕೊರತೆ

ತಿಂದ ಕ್ಯಾಲ್ಸಿಯಂ ಕರುಳಿನಿಂದ ರಕ್ತಕ್ಕೆ ಸೇರಲು ವಿಟಮಿನ್ ಡಿ ಬೇಕು. ಅದು ಹೆಚ್ಚಾಗಿ ತಯಾರಾಗುವುದು ಚರ್ಮಕ್ಕೆ ನೇರ ಬಿಸಿಲು ಬಿದ್ದಾಗ. ಕಲಬುರಗಿಯಂತಹ ಬಿಸಿಲ ನಾಡಿನಲ್ಲಿ ಅದರ ಕೊರತೆ ಏಕೆ ಎಂದು ನೀವು ಕೇಳಬಹುದು. ಮನೆಯೊಳಗೇ ಇರುವ, ಹೊರಗೆ ಹೊರಟರೆ ಬುರ್ಖಾ ಧರಿಸುವ ಹೆಣ್ಣುಮಕ್ಕಳ ಚರ್ಮಕ್ಕೆ ಆ ಬಿಸಿಲು ತಲುಪುವುದೇ ಇಲ್ಲ. ಕಿಟಕಿಯ ಗಾಜಿನಿಂದ ಬರುವ ಬಿಸಿಲಿನಿಂದ ವಿಟಮಿನ್ ಡಿ ಆಗುವುದಿಲ್ಲ. ಮುಂಜಾನೆಯ ಎಳೆ ಬಿಸಿಲಿನಿಂದಲೂ ಆಗುವುದು ಬಹಳ ಕಡಿಮೆ.

ಪರದೆಗೂ ಎಲುಬಿಗೂ ಜಗಳವಿಲ್ಲ. ನಿಮ್ಮ ಮಾಳಿಗೆಯ ಮೇಲೆ, ಗೋಡೆಯಿರುವ ಹಿತ್ತಲಲ್ಲಿ, ನಿಮ್ಮ ನೆರಳು ನಿಮ್ಮ ಎತ್ತರಕ್ಕಿಂತ ಚಿಕ್ಕದಾಗಿರುವ ಹೊತ್ತಿನಲ್ಲಿ 20ರಿಂದ 30 ನಿಮಿಷ ಮುಖ, ತೋಳು, ಕಾಲಿಗೆ ಬಿಸಿಲು ತಾಗಿಸಿ. ವಾರಕ್ಕೆ ಮೂರು ನಾಲ್ಕು ದಿನ ಸಾಕು. ಬೇಸಿಗೆಯಲ್ಲಿ ಉರಿಬಿಸಿಲು ಏರುವ ಮುನ್ನ, ಹತ್ತು ಗಂಟೆಯ ಹೊತ್ತಿಗೆ ಮುಗಿಸಿ. ಗರ್ಭಿಣಿಗೆ, ಬಾಣಂತಿಗೆ ಇದು ಇನ್ನೂ ಮುಖ್ಯ. ಮಗುವಿನ ಕಾಲು ಬಿಲ್ಲಿನಂತೆ ಬಾಗುತ್ತಿದ್ದರೆ, ನಡೆಯುವುದು ತಡವಾದರೆ ಮಕ್ಕಳ ವೈದ್ಯರಿಗೆ ತೋರಿಸಿ. ಮೈತುಂಬ ಎಲುಬು ನೋವು, ಮೆಟ್ಟಿಲು ಹತ್ತಲು ತೊಡೆಯಲ್ಲಿ ಬಲವಿಲ್ಲ ಎನ್ನುವ ಹೆಂಗಸರಿಗೆ ರಕ್ತ ಪರೀಕ್ಷೆ ಮಾಡಿಸಬೇಕು. ಕೊರತೆಯಿದ್ದರೆ ಬಿಸಿಲೊಂದೇ ಸಾಲದು, ವೈದ್ಯರು ಹೇಳಿದ ಪ್ರಮಾಣದ ಔಷಧಿ ಬೇಕು.

ಬೆಳೆದವರಿಗೆ ದಿನಕ್ಕೆ ಸುಮಾರು 1000 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು. ಒಂದು ದೊಡ್ಡ ಲೋಟ ಹಾಲು ಅಥವಾ ಮೊಸರಿನಿಂದ ಸುಮಾರು 250 ಸಿಗುತ್ತದೆ. ಎಳ್ಳು, ರಾಗಿ, ರಾಜಗಿರಿ ಪಲ್ಯ, ಮೆಂತೆ ಪಲ್ಯದಲ್ಲೂ ಇದೆ. ಎಳ್ಳಮವಾಸ್ಯೆಗೆ ನೆರೆಯ ಒಕ್ಕಲಿಗರ ಮನೆಯಿಂದ ಬರುವ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿಯನ್ನು ನಾವು ಚಳಿಗಾಲದುದ್ದಕ್ಕೂ ನಮ್ಮ ಮನೆಯಲ್ಲೂ ಮಾಡಿಕೊಳ್ಳಬಹುದು. ಪಾಯಾ ಶೋರ್ಬಾ ಕುಡಿದರೆ ಎಲುಬು ಗಟ್ಟಿಯಾಗುತ್ತದೆ ಎಂಬ ಮಾತಿದೆ. ಪಾಯಾ ರುಚಿಕರ, ಆದರೆ ಎಲುಬಿನ ಕ್ಯಾಲ್ಸಿಯಂ ಶೋರ್ಬಾದಲ್ಲಿ ಕರಗುವುದು ತೀರ ಅಲ್ಪ. ಹಾಲಿನ ಲೋಟದ ಜಾಗವನ್ನು ಅದು ತುಂಬಲಾರದು.

ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್

ಕಲಬುರಗಿ ಜಿಲ್ಲೆಯ ಕೆಲವು ಹಳ್ಳಿಗಳ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಮಿತಿ ಮೀರಿದೆ. ಕುಡಿಯುವ ನೀರಿನಲ್ಲಿ ಒಂದು ಲೀಟರಿಗೆ 1 ಮಿಲಿಗ್ರಾಂ ಒಪ್ಪಿತ ಮಟ್ಟ, ಬೇರೆ ನೀರು ಸಿಗದಿದ್ದಾಗ 1.5 ಕೊನೆಯ ಮಿತಿ. ಅದಕ್ಕಿಂತ ಹೆಚ್ಚಿನ ಫ್ಲೋರೈಡ್ ವರ್ಷಗಟ್ಟಲೆ ಮೈಗೆ ಸೇರಿದರೆ ಎಲುಬಿನಲ್ಲಿ, ಅಸ್ಥಿರಜ್ಜುಗಳಲ್ಲಿ ಕೂಡುತ್ತದೆ. ಎಲುಬು ದಪ್ಪವಾದಂತೆ ಕಂಡರೂ ಪೆಡಸಾಗುತ್ತದೆ. ಕುತ್ತಿಗೆ, ಬೆನ್ನು ಬಗ್ಗದಂತೆ ಬಿಗಿಯುತ್ತವೆ.

ಮೊದಲ ಗುರುತು ಮಕ್ಕಳ ಹಲ್ಲಿನಲ್ಲಿ ಕಾಣುತ್ತದೆ: ಸುಣ್ಣದಂತಹ ಬಿಳಿ ಮಚ್ಚೆ, ಆಮೇಲೆ ಹಳದಿ ಅಥವಾ ಕಂದು ಗೆರೆ. ಒಂದೇ ಓಣಿಯ ಹಲವು ಮಕ್ಕಳಲ್ಲಿ ಹೀಗಿದ್ದರೆ ನೀರನ್ನು ಅನುಮಾನಿಸಿ. ನೀರು ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಅದರ ಪ್ರಮಾಣ ಏರುತ್ತದೆ. ಬಟ್ಟೆಯಲ್ಲಿ ಸೋಸಿದರೂ ಹೋಗುವುದಿಲ್ಲ. ಗ್ರಾಮ ಪಂಚಾಯಿತಿಗೆ ಅರ್ಜಿ ಕೊಟ್ಟು ನೀರಿನ ಪರೀಕ್ಷೆ ಮಾಡಿಸಿ. ಕುಡಿಯಲು, ಅಡುಗೆಗೆ ಶುದ್ಧ ಕುಡಿಯುವ ನೀರಿನ ಘಟಕದ ನೀರನ್ನೋ ಸ್ವಚ್ಛವಾಗಿ ಹಿಡಿದಿಟ್ಟ ಮಳೆನೀರನ್ನೋ ಬಳಸಿ. ವಜೂಗೆ, ಬಟ್ಟೆಗೆ ಕೊಳವೆಬಾವಿಯ ನೀರು ಆಗುತ್ತದೆ. ಒಮ್ಮೆ ಬಿಗಿದ ಬೆನ್ನನ್ನು ಮತ್ತೆ ಸಡಿಲಿಸುವ ಔಷಧಿ ಯಾವ ಪದ್ಧತಿಯಲ್ಲೂ ಇಲ್ಲ. ತಡೆಯುವುದೊಂದೇ ದಾರಿ.

ಎಲುಬು ಮುರಿದಾಗ ಮೊದಲ ಆರು ಗಂಟೆ

ಮುರಿದ ಎಲುಬು ತಾನೇ ಕೂಡಿಕೊಳ್ಳುತ್ತದೆ. ಮೊದಲು ರಕ್ತ ಹೆಪ್ಪುಗಟ್ಟುತ್ತದೆ, ಎರಡು ಮೂರು ವಾರಗಳಲ್ಲಿ ಮೆತ್ತನೆಯ ಬೆಸುಗೆ, ಆರರಿಂದ ಹನ್ನೆರಡು ವಾರಗಳಲ್ಲಿ ಗಟ್ಟಿ ಬೆಸುಗೆ, ಆಮೇಲೆ ತಿಂಗಳುಗಟ್ಟಲೆ ಅದನ್ನು ತಿದ್ದಿ ನಯಗೊಳಿಸುವ ಕೆಲಸ. ಮಕ್ಕಳಲ್ಲಿ ಇನ್ನೂ ಬೇಗ. ವೈದ್ಯರು ಮಾಡುವುದು ಎರಡು ತುದಿಗಳನ್ನು ನೇರವಾಗಿಟ್ಟು ಅಲುಗದಂತೆ ಹಿಡಿಯುವುದು. ಬೀಡಿ, ಸಿಗರೇಟು ಈ ಬೆಸುಗೆಯನ್ನು ತಡಮಾಡುತ್ತವೆ.

ನಮ್ಮ ಊರುಗಳಲ್ಲಿ ಮಗು ಮರದಿಂದಲೋ ಗಾಡಿಯಿಂದಲೋ ಬಿದ್ದರೆ ಮೊದಲು ಪಟ್ಟಿ ಕಟ್ಟುವವರ ಬಳಿಗೆ ಒಯ್ಯುತ್ತಾರೆ. ಅವರಲ್ಲಿ ಕೈನುರಿತವರು ಇರಬಹುದು. ಆದರೆ ಹೊಸ ಪೆಟ್ಟಿನ ಕೈ ಊದುತ್ತಲೇ ಇರುತ್ತದೆ. ಸುತ್ತ ಬಿದಿರ ಪಟ್ಟಿ ಬಿಗಿದರೆ ಊತ ಹೊರಗೆ ಹೋಗಲಾರದೆ ಒಳಗಿನ ರಕ್ತನಾಳವನ್ನೇ ಹಿಸುಕುತ್ತದೆ. ರಕ್ತವಿಲ್ಲದ ಸ್ನಾಯು ಸುಮಾರು ಆರು ಗಂಟೆಯಲ್ಲಿ ಸಾಯತೊಡಗುತ್ತದೆ. ಸತ್ತ ಸ್ನಾಯು ಮತ್ತೆ ಹುಟ್ಟುವುದಿಲ್ಲ. ಬೆರಳುಗಳು ಕೊಕ್ಕೆಯಂತೆ ಮಡಚಿಕೊಂಡೇ ಉಳಿಯುತ್ತವೆ, ಕೆಲವೊಮ್ಮೆ ಕೈಯನ್ನೇ ತೆಗೆಯಬೇಕಾಗುತ್ತದೆ. ಮುರಿದದ್ದು ಮೂರು ತಿಂಗಳಲ್ಲಿ ವಾಸಿಯಾಗುವ ಎಲುಬು, ಹೋದದ್ದು ಜನ್ಮದ ಕೈ.

ಆದ್ದರಿಂದ ಇದನ್ನು ಕತ್ತರಿಸಿ ಗೋಡೆಗೆ ಅಂಟಿಸಿಕೊಳ್ಳಿ. ಎಳೆಯಬೇಡಿ, ತಿಕ್ಕಬೇಡಿ. ಉಂಗುರ, ಬಳೆ ಕೂಡಲೇ ತೆಗೆಯಿರಿ. ಗಾಯವಿದ್ದರೆ ಸ್ವಚ್ಛ ಬಟ್ಟೆ ಮುಚ್ಚಿ. ಕೈ ಕಾಲು ಇರುವ ಸ್ಥಿತಿಯಲ್ಲೇ ರಟ್ಟು ಅಥವಾ ಕೋಲನ್ನು ಬಟ್ಟೆ ಸುತ್ತಿ ಆನಿಸಿ, ಮುರಿತದ ಮೇಲಿನ ಕೀಲು ಮತ್ತು ಕೆಳಗಿನ ಕೀಲು ಎರಡೂ ಅಲುಗದಂತೆ ಸಡಿಲವಾಗಿ ಕಟ್ಟಿ. 108ಕ್ಕೆ ಕರೆ ಮಾಡಿ, ಎಕ್ಸ್‌ರೇ ಇರುವ ತಾಲೂಕು ಆಸ್ಪತ್ರೆಗೋ ಕಲಬುರಗಿಗೋ ಹೊರಡಿ. ಬೆನ್ನಿಗೆ, ಕುತ್ತಿಗೆಗೆ ಪೆಟ್ಟಾದವರನ್ನು ಅಲುಗಾಡಿಸದೆ ಆಂಬುಲೆನ್ಸ್ ಬರುವವರೆಗೆ ಕಾಯಿರಿ. ಯಾರು ಕಟ್ಟಿದ ಪಟ್ಟಿಯೇ ಆಗಲಿ, ಪ್ಲಾಸ್ಟರೇ ಆಗಲಿ, ನೋವು ಏರುತ್ತಲೇ ಹೋದರೆ, ಬೆರಳು ತಣ್ಣಗಾದರೆ, ಬಿಳಿಚಿದರೆ ಅಥವಾ ನೀಲಿಯಾದರೆ, ಜೋಮು ಹಿಡಿದರೆ, ಬೆರಳು ನೆಟ್ಟಗೆ ಮಾಡಿದಾಗ ಮಗು ಚೀರಿದರೆ ಬೆಳಗಾಗಲಿ ಎಂದು ಕಾಯಬೇಡಿ. ಬಟ್ಟೆಯ ಪಟ್ಟಿಯಾದರೆ ಆ ಕ್ಷಣವೇ ಬಿಚ್ಚಿ, ಪ್ಲಾಸ್ಟರಾದರೆ ಆ ಕ್ಷಣವೇ ಆಸ್ಪತ್ರೆಗೆ ಓಡಿ.

ಮುದುಕರಲ್ಲಿ ಮುರಿತಕ್ಕೆ ಮನೆಯ ನೆಲವೇ ಕಾರಣವಾಗುತ್ತದೆ. ನಮ್ಮ ಶಹಾಬಾದ್ ಫರ್ಸಿ ನೀರು ಬಿದ್ದರೆ ಜಾರುತ್ತದೆ. ವಜೂ ಮಾಡುವ ಜಾಗ, ಬಚ್ಚಲು, ಶೌಚಾಲಯದ ದಾರಿಯಲ್ಲಿ ಒರಟು ಚಾಪೆ, ಹಿಡಿಯಲು ಒಂದು ಕಬ್ಬಿಣದ ಸರಳು, ರಾತ್ರಿ ಒಂದು ದೀಪ ಇಡಿ. ತೊಡೆಯ ಬುಡ ಮುರಿದ ಮುದುಕರು ಮತ್ತೆ ಮೊದಲಿನಂತೆ ನಡೆಯುವುದು ಕಷ್ಟ.

ಮದ್ದಿನ ಬಗ್ಗೆ ನಾಲ್ಕು ಮಾತು

ಹೆಸರಿಲ್ಲದ ಪೊಟ್ಟಣದ ಪುಡಿ, ಗುಂಡು ಗುಳಿಗೆ ತಿಂದು ಒಂದೇ ದಿನದಲ್ಲಿ ನೋವು ಮಾಯವಾದರೆ ಸಂತೋಷಪಡಬೇಡಿ, ಅನುಮಾನಪಡಿ. ಅಂಥವುಗಳಲ್ಲಿ ಸ್ಟೆರಾಯ್ಡ್ ಬೆರೆಸಿರುವುದುಂಟು. ತಿಂಗಳುಗಟ್ಟಲೆ ತಿಂದರೆ ಅದು ಎಲುಬನ್ನೇ ತೆಳುಮಾಡುತ್ತದೆ, ಸಕ್ಕರೆ ಏರಿಸುತ್ತದೆ. ಬಹುದಿನ ತಿಂದವರು ಒಮ್ಮೆಲೇ ನಿಲ್ಲಿಸುವುದೂ ಅಪಾಯ, ವೈದ್ಯರ ಬಳಿ ಪೊಟ್ಟಣವನ್ನೇ ಒಯ್ದು ತೋರಿಸಿ. ನೋವಿನ ಗುಳಿಗೆಯನ್ನು ದಿನವೂ ನುಂಗಿದರೆ ಹೊಟ್ಟೆ ಹುಣ್ಣಾಗುತ್ತದೆ, ಮೂತ್ರಪಿಂಡ ಕೆಡುತ್ತದೆ.

ಕಾಲಿನ ಹೆಬ್ಬೆರಳು ರಾತ್ರಿ ಹಠಾತ್ತನೆ ಕೆಂಪಾಗಿ ಊದಿ, ಹೊದಿಕೆ ತಾಗಿದರೂ ತಡೆಯಲಾಗದಂತೆ ನೊಂದರೆ ಅದು ನಿಖ್ರಿಸ್ ಇರಬಹುದು. ಅದಕ್ಕೆ ನಮ್ಮ ಹಕೀಮರು ಬಳಸುತ್ತ ಬಂದ ಸೂರಂಜಾನಿನ ಬಳಗದ ಗಿಡದಿಂದಲೇ 1820ರಲ್ಲಿ ಫ್ರಾನ್ಸಿನ ವಿಜ್ಞಾನಿಗಳು ಕಾಲ್ಚಿಸಿನ್ ಬೇರ್ಪಡಿಸಿದರು. ಇಂದಿಗೂ ಅಲೋಪತಿ ವೈದ್ಯರು ಅದನ್ನು ಕೊಡುತ್ತಾರೆ. ಆದರೆ ಮದ್ದಿನ ಪ್ರಮಾಣಕ್ಕೂ ವಿಷದ ಪ್ರಮಾಣಕ್ಕೂ ಅಂತರ ಬಹಳ ಕಡಿಮೆ. ಕಹಿ ಸೂರಂಜಾನ್ ವಿಷ. ಪನ್ಸಾರಿ ಅಂಗಡಿಯಿಂದ ತಂದು ಸ್ವಂತ ಅಂದಾಜಿನಲ್ಲಿ ತಿನ್ನಬೇಡಿ.

ಹದವಾದ ಬಿಸಿ ಕಾವು, ಎಣ್ಣೆ ಹಚ್ಚಿ ಮಾಡುವ ದಲ್ಕ್ ಹಿಡಿದ ಸ್ನಾಯುವಿಗೆ ಹಿತ ಕೊಡುತ್ತವೆ. ಹೊಸ ಪೆಟ್ಟಿಗೆ, ಮುರಿತದ ಅನುಮಾನವಿದ್ದ ಕಡೆಗೆ ತಿಕ್ಕಲೇಬಾರದು. ಹಿಜಾಮಾ ಮಾಡಿಸುವುದಾದರೆ ತರಬೇತಿ ಪಡೆದವರಲ್ಲಿ, ನಿಮ್ಮ ಕಣ್ಣೆದುರು ಬಿಚ್ಚಿದ ಹೊಸ ಬ್ಲೇಡು, ಹೊಸ ಕಪ್ಪು, ಕೈಗವಸು ಇದ್ದರೆ ಮಾತ್ರ. ಒಬ್ಬರಿಗೆ ಬಳಸಿದ ಬ್ಲೇಡಿನಿಂದ ಇನ್ನೊಬ್ಬರಿಗೆ ಕಾಮಾಲೆಯ ವೈರಸ್, ಎಚ್.ಐ.ವಿ. ತಗಲಬಹುದು. ರಕ್ತಹೀನತೆ ಇರುವವರು, ರಕ್ತ ತೆಳುಮಾಡುವ ಗುಳಿಗೆ ತಿನ್ನುವವರು ಮಾಡಿಸಬಾರದು.

ತಡಮಾಡಬಾರದ ಲಕ್ಷಣಗಳು

ಟೊಂಕ ನೋವಿನ ಜೊತೆ ಮೂತ್ರ, ಮಲದ ಹಿಡಿತ ತಪ್ಪಿದರೆ, ತೊಡೆಸಂದಿಯಲ್ಲಿ ಜೋಮು ಹಿಡಿದರೆ, ಕಾಲಿನ ಬಲ ಹೋದರೆ ಅದೇ ದಿನ ದೊಡ್ಡ ಆಸ್ಪತ್ರೆಗೆ ಹೋಗಬೇಕು. ಬೆನ್ನು ನೋವಿನ ಜೊತೆ ಸಂಜೆ ಜ್ವರ, ತೂಕ ಇಳಿಕೆ ಇದ್ದರೆ ಬೆನ್ನೆಲುಬಿನ ಟಿ.ಬಿ. ಇರಬಹುದು. ಸರ್ಕಾರಿ ಆಸ್ಪತ್ರೆಯಲ್ಲಿ ಅದರ ಪರೀಕ್ಷೆ, ಔಷಧಿ ಎರಡೂ ಉಚಿತ, ಪೂರ್ತಿ ಮಾಡಿದರೆ ಗುಣವಾಗುತ್ತದೆ. ಬೆಳಿಗ್ಗೆ ಎದ್ದಾಗ ಕೈಬೆರಳ ಕೀಲುಗಳು ಊದಿ ಒಂದು ಗಂಟೆಗಿಂತ ಹೆಚ್ಚು ಹೊತ್ತು ಬಿಗಿದಿದ್ದರೆ, ಅದೂ ವಾರಗಟ್ಟಲೆ ಮುಂದುವರಿದರೆ, ಅದು ಸವೆತದ ನೋವಲ್ಲ, ಸಂಧಿವಾತ ಇರಬಹುದು. ಮೊದಲ ತಿಂಗಳುಗಳಲ್ಲೇ ತಜ್ಞರನ್ನು ಕಂಡರೆ ಬೆರಳು ಸೊಟ್ಟಗಾಗುವುದನ್ನು ತಡೆಯಬಹುದು.

ಈ ತಿಂಗಳು ಮನೆಯಲ್ಲಿ ಮೂರು ಕೆಲಸ ಮಾಡಿ. ಮಕ್ಕಳ ಹಲ್ಲನ್ನು ಬೆಳಕಿನಲ್ಲಿ ನೋಡಿ. ವಜೂ ಮಾಡುವ ಜಾಗದಲ್ಲಿ ಹಿರಿಯರ ಕೈಗೆ ಸಿಗುವಂತೆ ಒಂದು ಆಸರೆ ಹಾಕಿಸಿ. ಮನೆಯ ಹೆಣ್ಣುಮಕ್ಕಳ ತಟ್ಟೆಗೆ ಗಟ್ಟಿ ಬೇಳೆ, ಒಂದು ಲೋಟ ಹಾಲು ಅಥವಾ ಮೊಸರು ದಿನವೂ ತಪ್ಪದಂತೆ ನೋಡಿಕೊಳ್ಳಿ.